ಕಿಟಕಿಯಾಚೆ ಒಂದು ಮರ

ಪ್ರಶ್ನೆ: ನಾವಿರುವುದು ಏಳನೇ ಮಹಡಿಯ ಫ್ಲಾಟಿನಲ್ಲಿ. ಟೊಮೆಟೊ ಫ್ರಿಜ್ಜಿನಲ್ಲೇ ಹುಟ್ಟುತ್ತದೆ ಅಂತ ಮಗಳ ನಂಬಿಕೆ! ವಾರಕ್ಕೊಮ್ಮೆ ಪಾರ್ಕಿಗೆ ಕರೆದುಕೊಂಡು ಹೋದರೆ ಏನಾದರೂ ಪ್ರಯೋಜನವಿದೆಯೇ?

ಉತ್ತರ: ಹೋಗಿ, ಆದರೆ ಬರೀ ಸುತ್ತು ಹಾಕಿ ಬರಬೇಡಿ. ಒಂದೇ ಮರ ಗೊತ್ತುಮಾಡಿಕೊಂಡು ಅದರ ಬುಡದಲ್ಲಿ ಕೂರಿ. ನಾನೂ ಮಗನೂ ಹಾಗೇ ಮಾಡಿದೆವು. ಮೂರನೇ ವಾರ ತೊಗಟೆಯ ಮೇಲೆ ಇರುವೆ ಸಾಲು ದಾರಿ ಬದಲಿಸಿದ್ದನ್ನು ಅವನೇ ತೋರಿಸಿದ. ಮರ ಬರೀ ಕಂಡರೂ ಸಾಕಾಗುತ್ತದೆ ಅನ್ನಿ. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಆಪರೇಷನ್ ಆದವರ ಪೈಕಿ ಕಿಟಕಿಯಿಂದ ಮರ ಕಾಣುತ್ತಿದ್ದ 23 ಮಂದಿ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಬೇಗ ಮನೆಗೆ ಹೋಗಿದ್ದರು. ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಗಿತ್ತು.

ಇನ್ನು ಟೊಮೆಟೊ. ದೂರಕ್ಕೆ ಸಾಗಿಸುವುದನ್ನು ಕಾಯಿರುವಾಗಲೇ ಕಿತ್ತು ಎಥಿಲೀನ್ ಅನಿಲದಿಂದ ಕೆಂಪಾಗಿಸುವುದುಂಟು. ಹತ್ತಿರದಲ್ಲಿ ಬೆಳೆದದ್ದಾದರೆ ಗಿಡದಲ್ಲೇ ಹಣ್ಣಾಗಲು ಬಿಡಬಹುದು. ಹಸಿರು ತೊಟ್ಟು ಇನ್ನೂ ಅಂಟಿಕೊಂಡಿರುವ ಹಣ್ಣನ್ನು ತಂದು ಮಗಳಿಗೆ ಮೂಸಲು ಕೊಡಿ. ಆ ಘಾಟು ಫ್ರಿಜ್ಜಿನದಲ್ಲ ಅಂತ ಅವಳ ಮೂಗೇ ಹೇಳುತ್ತದೆ. ಕುಂಡದಲ್ಲಿ ನಾಲ್ಕು ಬೀಜ ಹಾಕಿದರೆ ಇನ್ನೂ ಒಳ್ಳೆಯದು. ನನ್ನ ಮೊದಲ ಗಿಡ ಬೇರು ಕೊಳೆತು ಸತ್ತಿತು. ಅಕ್ಕರೆಗೆ ದಿನಕ್ಕೆ ಮೂರು ಸಲ ನೀರು ಹುಯ್ದಿದ್ದೆ!