ನಾಲ್ಕು ತಿಂಗಳಲ್ಲಿ ಇಂಡೋನೇಷ್ಯನ್ ಕಲಿಯೋಕೆ ಮಜವಾಗಿ ಕಲಿಸುವ ಆನ್‌ಲೈನ್ ಟೀಚರ್ ಒಳ್ಳೇದಾ, ಆ್ಯಪ್ ಸಾಕಾ?

ನೀವು ಕುಶಾಲನಗರದವರು, ಕಾಫಿ ಕಂಪನಿ ಕೆಲಸಕ್ಕೆ ಇಂಡೋನೇಷ್ಯಾದ ಸುಮಾತ್ರಾಗೆ ಹೊರಟಿದ್ದೀರಿ, ಕೈಯಲ್ಲಿ ನಾಲ್ಕು ತಿಂಗಳು. ನಿಮಗಿಷ್ಟವಾದ ಕ್ರಿಕೆಟ್‌ನಲ್ಲೇ ಪಾಠ ಮಾಡ್ತೀನಿ ಅನ್ನುವ, ಗಂಟೆಗೆ ಐನೂರು ಕೇಳುವ ಆನ್‌ಲೈನ್ ಟೀಚರ್ ಸಿಕ್ಕಿದ್ದಾರೆ, ಅವರು ಬೇಕಾ, ಆ್ಯಪ್ ಸಾಕಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ 2016ರ ನಾನೇ ನೆನಪಾದೆ. ಊರು ಮಾತ್ರ ಬೇರೆ, ನನ್ನದು ಸುಂಟಿಕೊಪ್ಪ. ಟೀಚರ್ ಕೂಡ ನಿಮಗೆ ಸಿಕ್ಕ ಥರದವರೇ. 'ನಿಮಗೆ ಏನು ಇಷ್ಟ ಹೇಳಿ, ಅದರಲ್ಲೇ ಪಾಠ ಮಾಡ್ತೀನಿ, ಬೋರ್ ಆಗಲ್ಲ' ಅಂದಿದ್ದರು. ಬೋರ್ ಆಗಲಿಲ್ಲ ನಿಜ. ಆದರೆ ಆ ಪಾಠಗಳಿಂದ ನನಗೆ 18 ಸಾವಿರ ರೂಪಾಯಿ ಹೋಯಿತು. ಫೀಸು ಬೇರೆ.

ಆಗ ನಾನು ಒಂದು ತೋಟದಲ್ಲಿ ರೈಟರ್ ಆಗಿದ್ದೆ. ಕಣದ ಲೆಕ್ಕ, ಆಳುಗಳ ಹಾಜರಿ, ವಾರದ ಬಟವಾಡೆ, ಇಷ್ಟೇ ಪ್ರಪಂಚ. ಕಾಫಿ, ಕರಿಮೆಣಸು ಕೊಳ್ಳುವ ಒಂದು ಕಂಪನಿಯವರು ಲಾಂಪುಂಗ್‌ನಲ್ಲಿ ಖರೀದಿ ನೋಡಿಕೊಳ್ಳಲು ಜನ ಹುಡುಕುತ್ತಿದ್ದರು. ಲಾಂಪುಂಗ್ ಅಂದರೆ ಸುಮಾತ್ರಾದ ದಕ್ಷಿಣ ತುದಿ. ರೋಬಸ್ಟಾ ಕಾಫಿ ಮತ್ತು ಕರಿಮೆಣಸು ಎರಡೂ ಅಲ್ಲಿನ ಹೆಸರಾಂತ ಬೆಳೆ. ನಮ್ಮಲ್ಲಿ ಕೊಯ್ಲು ಮುಗಿದು ಕಾಫಿ ಹೂ ಅರಳಿಸುವ ಮಳೆಯೂ ಬಂದು ಹೋದಮೇಲೆ, ಮೇ ಹೊತ್ತಿಗೆ ಅಲ್ಲಿ ಹಣ್ಣು ಕೀಳಲು ಶುರು ಮಾಡುತ್ತಾರೆ. ಸರಿ, ಹೋಗಿಬಿಡೋಣ ಅಂದುಕೊಂಡೆ.

ಜನವರಿಯಿಂದ ಪಾಠ. ರೋಬಸ್ಟಾ ಕೊಯ್ಲಿನ ಸಮಯ. ಸಂಜೆ ಕಣದಲ್ಲಿ ಟಾರ್ಪಾಲು ಮುಚ್ಚಿ ಬಂದು, ಜಗಲಿಯ ಒಂದೇ ಒಂದು ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತಿತ್ತು, ಅಲ್ಲಿ ಕೂರುತ್ತಿದ್ದೆ. ಟೀಚರ್ ಇಂಡೋನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತಾದವರು. ಅವರಿಗೆ ನಮಗಿಂತ ಒಂದೂವರೆ ಗಂಟೆ ಮುಂದೆ, ಹಾಗಾಗಿ ಅವರೂ ಆಕಳಿಸುತ್ತಿದ್ದರು. ನಾನಂತೂ ಸುಸ್ತಾಗಿರುತ್ತಿದ್ದೆ. 'ಏನು ಬೇಕು?' ಅಂತ ಕೇಳಿದರೆ 'ಏನಾದರೂ ಮಜವಾಗಿರೋದು' ಅನ್ನುತ್ತಿದ್ದೆ.

ಮಜಕ್ಕೇನೂ ಕೊರತೆ ಇಲ್ಲ ಆ ಭಾಷೆಯಲ್ಲಿ. ಲಿಪಿ ಇಂಗ್ಲಿಷಿನದೇ, 'ಸಿ' ಅಕ್ಷರ ಎಲ್ಲಿ ಬಂದರೂ 'ಚ' ಅಂತ ಓದಿದರೆ ಆಯಿತು. ಸಂಸ್ಕೃತದಿಂದ ಹೋದ ಪದಗಳು ರಾಶಿ ಇವೆ. ಗಂಡ 'ಸುವಾಮಿ', ಹೆಂಡತಿ 'ಇಸ್ತ್ರಿ', ಪಾಪಕ್ಕೆ 'ದೋಸಾ', ಕರಿಮೆಣಸಿಗೆ 'ಮೆರಿಚಾ'. ದಿನಾ ಬೆಳಗ್ಗೆ ಎರಡು ಪಾಪ ತಿನ್ನುತ್ತೇನೆ ಅಂದಾಗ ಟೀಚರ್ ಬಿದ್ದು ಬಿದ್ದು ನಕ್ಕಿದ್ದರು. ನಾಸಿ ಗೊರೆಂಗ್, ಅಂದರೆ ಅವರ ಫ್ರೈಡ್ ರೈಸ್, ಮಾಡುವ ವಿಧಾನ ಪೂರ್ತಿ ಕಲಿತೆ. 1699ರಲ್ಲಿ ಡಚ್ಚರು ಜಾವಾಕ್ಕೆ ಕಾಫಿ ಗಿಡ ಒಯ್ದದ್ದು ನಮ್ಮ ಪಕ್ಕದ ಮಲಬಾರಿನಿಂದ ಅನ್ನುವುದನ್ನೂ ಅವರೇ ಹೇಳಿದ್ದು. ಆಮೇಲೆ ಲಾಂಪುಂಗ್‌ನಲ್ಲಿ ಎಷ್ಟು ಕಡೆ ಈ ಕಥೆ ಹೇಳಿ ಪುಕ್ಕಟೆ ಕಾಫಿ ಕುಡಿದೆನೋ ಲೆಕ್ಕ ಇಟ್ಟಿಲ್ಲ.

ನಾಲ್ಕನೇ ಪಾಠಕ್ಕೆ ಅವರು ಒಂದು ಹಾಳೆ ತಂದರು. ಮೇಲೆ ಎರಡೇ ಪದ: 'ಕಾಮಿ', 'ಕಿತಾ'. ಎರಡಕ್ಕೂ ಅರ್ಥ 'ನಾವು'. ಕಾಮಿ ಅಂದರೆ ನಮ್ಮಲ್ಲಿ ಬೇರೆಯೇ ಅರ್ಥ ಅಲ್ವಾ, ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿಗೇ 'ಕಾಮಿ' ತಲೆಯಲ್ಲಿ ಗಟ್ಟಿಯಾಗಿ ಕೂತಿತು. 'ಕಿತಾ' ಕೂರಲಿಲ್ಲ. ಅವರು ವ್ಯತ್ಯಾಸ ಹೇಳಲು ಶುರು ಮಾಡಿದರು. ನಾನು ಆ ದಿನವೇ ಕಲಿತ 'ನಂತಿ ಸಾಜಾ' ಪ್ರಯೋಗಿಸಿದೆ. ಅಂದರೆ 'ಆಮೇಲೆ ನೋಡೋಣ ಬಿಡಿ'. ಎಷ್ಟು ಚೆನ್ನಾಗಿ ಹೇಳಿದಿರಿ ಅಂತ ಮೆಚ್ಚಿ ಅವರೂ ಹಾಳೆ ಮಡಚಿದರು. ಆ 'ಆಮೇಲೆ' ಬರಲೇ ಇಲ್ಲ.

ಅದೇ ವರ್ಷದ ಜೂನ್ ತಿಂಗಳು, ಲಾಂಪುಂಗ್‌ನ ಲಿವಾ ಕಡೆಯ ಒಂದು ಹಳ್ಳಿ. ಮನೆ ಮುಂದೆ ಕಾಫಿ ಒಣಗಲು ಹರಡಿದ್ದರು. ಏಳೆಂಟು ಜನ ಸಣ್ಣ ರೈತರು ಕೂತಿದ್ದರು. ಲವಂಗ ಹಾಕಿದ ಸಿಗರೇಟಿನ ಹೊಗೆ, ಗಾಜಿನ ಲೋಟದಲ್ಲಿ ಗಷ್ಟು ಸಮೇತ ಕಪ್ಪು ಕಾಫಿ. ತೇವಾಂಶ ನೋಡಿ ಆಯಿತು, ರೇಟು ಮುಗಿಯಿತು. ಉಳಿದದ್ದು ಲಾರಿ ಬಾಡಿಗೆ. ಅಲ್ಲಿಂದ ಲಾಂಪುಂಗ್‌ನ ರಾಜಧಾನಿ ಬಂದರ್ ಲಾಂಪುಂಗ್ 200 ಕಿಲೋಮೀಟರ್‌ಗೂ ಜಾಸ್ತಿ. ಅರ್ಧ ನಾವು, ಅರ್ಧ ಅವರು ಅಂತ ಆಫೀಸಿನಲ್ಲಿ ಹೇಳಿ ಕಳಿಸಿದ್ದರು. ನಾನು ಜಂಬದಿಂದ ಹೇಳಿದೆ, 'ಒಂಗ್ಕೋಸ್ ತ್ರುಕ್ ಕಾಮಿ ಬಾಯಾರ್.' ನನ್ನ ತಲೆಯಲ್ಲಿದ್ದದ್ದು 'ಬಾಡಿಗೆ ನಾವೆಲ್ಲ ಸೇರಿ ಕೊಡೋಣ'.

ಎಲ್ಲರ ಮುಖ ಅರಳಿತು. ಒಬ್ಬರು ವಯಸ್ಸಾದವರು ಮಾತ್ರ ನೋಟ್‌ಬುಕ್ಕಿನಿಂದ ತಲೆ ಎತ್ತಿ ಕೇಳಿದರು, 'ಕಾಮಿ ಆಪಾ ಕಿತಾ, ಪಾಕ್?' ಕಾಮಿಯೋ ಕಿತಾವೋ, ಸಾರ್? ನನ್ನ ಉಚ್ಚಾರ ತಿದ್ದುತ್ತಿದ್ದಾರೆ ಅಂದುಕೊಂಡೆ. 'ಸಾಮಾ ಸಾಜಾ' ಅಂದೆ. ಎರಡೂ ಒಂದೇ ಅಂತ. ಅವರು ಪೆನ್ನು ತೆಗೆದು ಬರೆದುಕೊಂಡರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೇಳಿ. 'ಕಿತಾ' ಅಂದರೆ ಕೇಳುತ್ತಿರುವ ನೀವೂ ಸೇರಿ ನಾವು. 'ಕಾಮಿ' ಅಂದರೆ ನಿಮ್ಮನ್ನು ಬಿಟ್ಟು ನಾವು. ಕನ್ನಡದಲ್ಲಿ ಈ ಕೆಲಸವನ್ನು ಕ್ರಿಯಾಪದ ಮಾಡಿಬಿಡುತ್ತದೆ. 'ಮಡಿಕೇರಿಗೆ ಹೋಗ್ತೀವಿ' ಅಂದರೆ ನೀವು ಮನೆಯಲ್ಲೇ ಇರಿ, 'ಹೋಗೋಣ' ಅಂದರೆ ನೀವೂ ಚಪ್ಪಲಿ ಹಾಕಿಕೊಳ್ಳಿ. ಅದಕ್ಕೇ 'ನಾವು' ಒಂದೇ ಇದ್ದರೂ ನಮಗೆ ಸಾಗುತ್ತದೆ. ಇಂಡೋನೇಷ್ಯನ್‌ನಲ್ಲಿ ಕ್ರಿಯಾಪದ ಅಲುಗಾಡುವುದಿಲ್ಲ. ನಾನು ಕೊಟ್ಟರೂ ನೀವು ಕೊಟ್ಟರೂ, ನಿನ್ನೆ ಕೊಟ್ಟರೂ ನಾಳೆ ಕೊಟ್ಟರೂ 'ಬಾಯಾರ್' ಬಾಯಾರೇ. ಹಾಗಾಗಿ ಭಾರವೆಲ್ಲ ಆ ಒಂದು 'ನಾವು' ಮೇಲೆ ಬೀಳುತ್ತದೆ. ಜಕಾರ್ತಾ ಕಡೆ ಮಾತಾಡುವಾಗ ಎರಡಕ್ಕೂ 'ಕಿತಾ' ಅನ್ನುವವರು ಇದ್ದಾರೆ. ಆದರೆ 'ಕಾಮಿ' ಅಂದಮೇಲೆ ಕೇಳುವವನು ಅದರಲ್ಲಿ ಇಲ್ಲವೇ ಇಲ್ಲ. ನಾನು ಅವತ್ತು ಹೇಳಿದ್ದು 'ಬಾಡಿಗೆ ಕಂಪನಿಯದು, ನಿಮಗೆ ಸಂಬಂಧ ಇಲ್ಲ' ಅಂತ. ಅದೂ ಒಬ್ಬರು ಮರ್ಯಾದೆಯಿಂದ ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡ ಮೇಲೆ.

ಮೂರು ಲಾರಿಗೆ 72 ಲಕ್ಷ ರುಪಿಯಾ. ಗಾಬರಿ ಬೇಡ, ಆಗ ನಮ್ಮ ಒಂದು ರೂಪಾಯಿಗೆ ಸುಮಾರು 200 ರುಪಿಯಾ, ಅಂದರೆ 36 ಸಾವಿರ. ರೈತರ ಪಾಲಿನ ಅರ್ಧವನ್ನು ನನ್ನ ಸಂಬಳದಿಂದ ಮೂರು ಕಂತಿನಲ್ಲಿ ಮುರಿದುಕೊಂಡರು. ತಪ್ಪು ನನ್ನದೇ, ವಾದ ಮಾಡಲಿಲ್ಲ.

ಹೊಟ್ಟೆ ಉರಿದದ್ದು ದುಡ್ಡಿಗಲ್ಲ. ಆ ವಾರ ಅಮ್ಮ ಫೋನ್ ಮಾಡಿದರು. ನಮ್ಮ ಮನೆ ಮಾತು ತುಳು. 'ಎಂಕ್ಲೆನ ವಣಸ್ ಆಂಡ್' ಅಂದರು. ನಮ್ಮ ಊಟ ಆಯಿತು ಅಂತ. 'ಎಂಕ್ಲೆನ' ಅಂದರೆ ಇಲ್ಲಿರುವ ನಮ್ಮದು, ದೂರದಲ್ಲಿರುವ ನಿನ್ನದಲ್ಲ. ನಾನೂ ಸೇರಿದ್ದರೆ 'ನಮ' ಬರಬೇಕಿತ್ತು. 'ಎಂಕುಲು' ಅಂದರೆ ಕಾಮಿ, 'ನಮ' ಅಂದರೆ ಕಿತಾ! ಹುಟ್ಟಿದಾಗಿನಿಂದ ಬಾಯಲ್ಲೇ ಇತ್ತು. ಪಕ್ಕದ ಮನೆಯ ಕೊಡವರು 'ಎಂಗ', 'ನಂಗ' ಅನ್ನುವುದನ್ನೂ ಕೇಳಿಕೊಂಡೇ ಬೆಳೆದವನು ನಾನು. ನನಗೆ ಆ ಪಾಠಕ್ಕೆ ಅರ್ಧ ಗಂಟೆಯೂ ಬೇಕಿರಲಿಲ್ಲ, ಒಂದು ಸಾಲು ಸಾಕಿತ್ತು. ಆದರೆ ಯೋಗ್ಯಕರ್ತಾದ ಟೀಚರ್‌ಗೆ ತುಳು ಎಲ್ಲಿಂದ ಗೊತ್ತಾಗಬೇಕು? ನಾನು ಹೇಳಿದ್ದು ಸಿನಿಮಾ ಇಷ್ಟ, ಊಟ ಇಷ್ಟ ಅಂತ ಅಷ್ಟೇ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟೀಚರಾ ಆ್ಯಪಾ ಅನ್ನುವುದು ದೊಡ್ಡ ವಿಷಯವೇ ಅಲ್ಲ. ಆ್ಯಪ್ ಬೇಕಾದರೆ ಮಡಿಕೇರಿ ಬಸ್ಸಿನಲ್ಲಿ ಕೂತಾಗ ಪದ ಉರು ಹೊಡೆಯಲು ಇಟ್ಟುಕೊಳ್ಳಿ. 'ನಿಮಗಾಗಿಯೇ ಮಾಡಿದ ಪಾಠ' ಅಂದರೆ ನಿಮಗಿಷ್ಟವಾದ ಕ್ರಿಕೆಟ್ ಬಗ್ಗೆ ಹರಟೆ ಅಂತ ತಿಳಿದಿದ್ದೀರಲ್ಲ, ಅದು ತಪ್ಪು. ಕ್ರಿಕೆಟ್ ಅಲ್ಲಿ ಯಾರಿಗೂ ಬೇಡ ಬೇರೆ. ನಿಮ್ಮ ಕೆಲಸ ಏನು, ನಿಮ್ಮ ಮನೆ ಮಾತು ಯಾವುದು, ಈ ಎರಡನ್ನು ಟೀಚರ್ ಮುಂದೆ ಇಡಬೇಕಾದವರು ನೀವು. ಅರೆಭಾಷೆಯೋ, ಕೊಡವ ತಕ್ಕೋ, ಮಲಯಾಳವೋ, ಯಾವುದಾದರೂ ಸರಿ. ಎರಡು 'ನಾವು' ಇರುವ ಮಾತಾದರೆ ನಿಮ್ಮ ಅದೃಷ್ಟ.

ಸುಲಭದ ಭಾಷೆ, ನಾಲ್ಕು ತಿಂಗಳು ಧಾರಾಳ ಅಂತ ಬೇರೆ ಬರೆದಿದ್ದೀರಿ. ಅಮೆರಿಕ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವಾಗ ಇದಕ್ಕೆ ಸುಮಾರು 36 ವಾರ ಇಡುತ್ತದೆ, ಅದೂ ಪೂರ್ಣಾವಧಿ ಪಾಠ. ನಮ್ಮಂಥವರಿಗೆ ಅಷ್ಟು ಬೇಡ ಅಂತ ನನ್ನ ಅನಿಸಿಕೆ, ಆದರೆ ಧಾರಾಳವಂತೂ ಅಲ್ಲ. ಒಂದು ಸಮಾಧಾನ ಇದೆ. ಲಾಂಪುಂಗ್‌ಗೆ 1905ರಿಂದಲೇ ಜಾವಾದ ಜನರನ್ನು ತಂದು ನೆಲೆಸಿದ್ದಾರೆ. ಎಷ್ಟೋ ಮನೆಗಳಲ್ಲಿ ಮಾತು ಜಾವಾ ಭಾಷೆ. ನಮ್ಮ ಸಂತೆಯಲ್ಲಿ ಎಲ್ಲರೂ ಕನ್ನಡಕ್ಕೆ ಬರುವ ಹಾಗೆ ಅಲ್ಲಿ ಹೊರಗೆ ಇಂಡೋನೇಷ್ಯನ್‌ಗೆ ಬರುತ್ತಾರೆ, ಹಾಗಾಗಿ ಹೊಸಬರ ತಡವರಿಕೆಗೆ ತಾಳ್ಮೆ ಜಾಸ್ತಿ. ಹಿರಿಯರಿಗೆ 'ನೀನು' ಅನ್ನುವ 'ಕಾಮು' ಬಳಸಬೇಡಿ, ನಾವು ಅಣ್ಣ, ಅಕ್ಕ ಅನ್ನುವ ಹಾಗೆ 'ಪಾಕ್', 'ಬು' ಅನ್ನಿ. ಮದುವೆ ಆಗಿದೆಯಾ ಅಂತ ಕೇಳಿಯೇ ಕೇಳುತ್ತಾರೆ. ಆಗಿಲ್ಲದಿದ್ದರೆ ಬರೀ 'ಇಲ್ಲ' ಅನ್ನುವ 'ತಿದಾಕ್' ಬೇಡ, 'ಬೆಲುಮ್' ಅನ್ನಿ, 'ಇನ್ನೂ ಇಲ್ಲ'.

ಮರುವರ್ಷ ಅದೇ ಹಳ್ಳಿಗೆ ಹೋಗಿದ್ದೆ. ನೋಟ್‌ಬುಕ್ಕಿನವರು ನನ್ನನ್ನು ನೋಡಿದ್ದೇ ದೂರದಿಂದಲೇ 'ಕಾಮಿ, ಪಾಕ್?' ಅಂತ ಕೂಗಿದರು. 'ಕಿತಾ, ಬಾಗಿ ದುವಾ' ಅಂದೆ, ಇಬ್ಬರೂ ಸೇರಿ, ಅರ್ಧ ಅರ್ಧ. ಹೋದ ವರ್ಷದ ಭಾಷೆಯೇ ಚೆನ್ನಾಗಿತ್ತು ಅಂದರು.

ಗಂಟೆಗೆ ಐನೂರು ಜಾಸ್ತಿಯಾ ಅಂತ ಕೇಳಿದ್ದೀರಿ. ಕೊಡಿ, ತೊಂದರೆ ಇಲ್ಲ. ಆದರೆ ಮೊದಲ ಪಾಠಕ್ಕೆ ಮುಂಚೆ ಒಂದು ದಿನ ತೋಟದಲ್ಲೋ ಗೋಡೌನ್‌ನಲ್ಲೋ ನೀವು ನಿಜವಾಗಿ ಆಡಿದ ಇಪ್ಪತ್ತು ಮಾತು ಬರೆದಿಡಿ. 'ಹಸಿ ಕಾಯಿ ಕೀಳಬೇಡಿ', 'ಚೀಲ ಒದ್ದೆಯಾಗಿದೆ', 'ತೂಕ ಇನ್ನೊಂದು ಸಲ ಹಾಕಿ', ಇಂಥವು. ಎಲ್ಲೆಲ್ಲಿ 'ನಾವು' ಬಂದಿದೆಯೋ ಅಲ್ಲಿ ಕೆಂಪು ಗೆರೆ ಎಳೆದು ಕಳಿಸಿ. ಟೀಚರ್ 'ಇದು ಸ್ವಲ್ಪ ಬೋರ್, ಆಮೇಲೆ ಮಾಡೋಣವಾ?' ಅಂತ ಕೇಳಿದರೆ 'ನಂತಿ ಸಾಜಾ' ಮಾತ್ರ ಅನ್ನಬೇಡಿ.