ವಿನೈಲ್‌ನಲ್ಲಿ ಡಿಜೆ ಒಂದಕ್ಕೊಂದು ಹೊಂದಿಸಿದ ಎರಡು ಹಾಡುಗಳ ಬೀಟ್ ಸ್ವಲ್ಪ ಹೊತ್ತಿಗೇ ಜಾರಿಹೋಗುತ್ತದೆ, ಸರಿಪಡಿಸುವುದು ಹೇಗೆ?

ಇದು ಹೆಚ್ಚಾಗಿ ಕಿವಿಯ ತಪ್ಪಲ್ಲ, ಕೈಯ ಅಭ್ಯಾಸದ್ದು. ಬೀಟ್ ಜಾರಿದ ಕೂಡಲೇ ರೆಕಾರ್ಡನ್ನು ತಳ್ಳಿ ಸರಿ ಮಾಡುತ್ತೇವೆ, ವೇಗ ಹೆಚ್ಚು-ಕಡಿಮೆ ಮಾಡುವ ಜಾರುಗುಂಡಿಯಾದ ಪಿಚ್ ಫೇಡರನ್ನು ಮಾತ್ರ ಮುಟ್ಟುವುದಿಲ್ಲ. ತಳ್ಳಿದರೆ ಹಾಡು ಇರಬೇಕಾದ ಜಾಗಕ್ಕೆ ಬರುತ್ತದೆ, ಆದರೆ ವೇಗ ಹಾಗೇ ಉಳಿಯುತ್ತದೆ. ಅದಕ್ಕೇ ಮತ್ತೆ ಜಾರುವುದು.

ಹೊಸದಾಗಿ ಸೇರಿಸುತ್ತಿರುವ ಹಾಡು ಹಿಂದೆ ಬಿದ್ದರೆ ಲೇಬಲ್ ಮೇಲೆ ಬೆರಳಿಟ್ಟು ಮೆಲ್ಲಗೆ ಮುಂದಕ್ಕೆ ತಿರುಗಿಸಿ, ಆಗಲೇ ಫೇಡರನ್ನೂ ಕೂದಲೆಳೆಯಷ್ಟು ಪ್ಲಸ್ ಕಡೆಗೆ ಸರಿಸಿ. ಮುಂದೆ ಓಡಿದರೆ ರೆಕಾರ್ಡಿನ ಕೆಳಗೆ ತಿರುಗುವ ತಟ್ಟೆ, ಅಂದರೆ ಪ್ಲ್ಯಾಟರ್‌ನ ಅಂಚಿಗೆ ಬೆರಳ ತುದಿ ಸೋಕಿಸಿ, ಫೇಡರನ್ನು ಮೈನಸ್ ಕಡೆಗೆ ಸರಿಸಿ. ಎಷ್ಟು ಸರಿಸಬೇಕು? 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ ಫೇಡರ್ ಎರಡೂ ಕಡೆ ಶೇ. 8ರವರೆಗೆ ಹೋಗುತ್ತದೆ. ನಿಮಿಷಕ್ಕೆ 124 ಬೀಟ್ ಇರುವ ಹಾಡನ್ನು 126ಕ್ಕೆ ತರಲು ಬೇಕಾದ್ದು ಬರೀ ಶೇ. 1.6. ಅಂದರೆ ಅಂಗುಲಗಟ್ಟಲೆ ಎಳೆಯುವ ಕೆಲಸವಲ್ಲ.

ಅಭ್ಯಾಸಕ್ಕೆ ಒಂದೇ ರೆಕಾರ್ಡಿನ ಎರಡು ಪ್ರತಿ ಸಿಕ್ಕರೆ ಬಹಳ ಒಳ್ಳೆಯದು. ಒಂದರ ಪಿಚ್ ಕೆಡಿಸಿ, ಕಣ್ಣು ಮುಚ್ಚಿ, ಕೇಳುತ್ತಾ ಹೊಂದಿಸಿ. ಎರಡರ ಕಿಕ್ (ದೊಡ್ಡ ಡ್ರಮ್ಮಿನ ಬಡಿತ) ಒಂದಾದಾಗ ಸದ್ದು ದಪ್ಪವಾಗುತ್ತದೆ. ತುಸು ತಪ್ಪಿದರೂ ಕುದುರೆ ಓಡಿದಂತೆ ಎರಡೆರಡು ಬಡಿತ ಕೇಳುತ್ತದೆ.

ರೆಕಾರ್ಡನ್ನು ಅಂಚಿನಲ್ಲೇ ಹಿಡಿಯಿರಿ. ಸೂಜಿಯ ಧೂಳನ್ನು ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ, ಬೆರಳಿನಿಂದ ಬೇಡ.