ಹಳೆಯ ಕ್ಯಾಂಪರ್ ವ್ಯಾನಿನ ತುಕ್ಕು ಹಿಡಿದ ಸ್ಪ್ರಿಂಗುಗಳು

ಪ್ರಶ್ನೆ: ಹಳೆಯ ಟೆಂಪೋ ಟ್ರಾವೆಲರ್ ಡೆಲಿವರಿ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಕೂರಿಸಿ ಕ್ಯಾಂಪರ್ ಮಾಡಿಕೊಂಡಿದ್ದೇವೆ. ಮೊದಲು ಅದರಲ್ಲಿ ತೋಟಕ್ಕೆ ಗೊಬ್ಬರ ಸಾಗಿಸುತ್ತಿದ್ದರು. ನಾವು ಆಗಾಗ ಮಾಕುಟ್ಟ ಘಾಟಿ ಇಳಿದು ಕಣ್ಣೂರಿನ ಮುಳಪ್ಪಿಲಂಗಾಡ್ ಕಡಲತೀರದ ಮರಳಿನ ಮೇಲೆ ಓಡಿಸುತ್ತೇವೆ. ಈಗ ಹಿಂದಿನ ಲೀಫ್ ಸ್ಪ್ರಿಂಗ್ ಪ್ಲೇಟುಗಳ ನಡುವೆ ತುಕ್ಕು ಎದ್ದಿದೆ, ಸ್ಪ್ರಿಂಗಿನ ತುದಿಯನ್ನು ಹಿಡಿದಿರುವ ಶ್ಯಾಕಲ್ ಬೋಲ್ಟುಗಳು ಕದಲುತ್ತಿಲ್ಲ, ವ್ಯಾನು ಎಡಕ್ಕೆ ವಾಲಿದೆ. ಗ್ಯಾಸಿನಲ್ಲಿ ಕಾಯಿಸಿ ಬಿಚ್ಚಿ, ಮಳೆಗಾಲಕ್ಕೆ ಮುಂಚೆ ಅಡಿಭಾಗಕ್ಕೆಲ್ಲ ಕೋಟಿಂಗ್ ಹೊಡೆಯೋಣ ಎಂದು ಗ್ಯಾರೇಜಿನವರು ಹೇಳುತ್ತಾರೆ. ಒಪ್ಪಬಹುದೇ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಸದ್ಯಕ್ಕೆ ಎರಡಕ್ಕೂ ಒಪ್ಪಬೇಡಿ. ಪೊಟ್ಯಾಷ್ ಗೊಬ್ಬರ ಮತ್ತು ಕಡಲಿನ ಉಪ್ಪು ಎರಡೂ ಕ್ಲೋರೈಡ್ ಲವಣಗಳೇ. ಸಂದಿಯಲ್ಲಿ ಉಳಿದ ಅವುಗಳ ಪುಡಿ ಗಾಳಿಯ ತೇವವನ್ನು ಹೀರಿ ಉಕ್ಕನ್ನು ಸದಾ ಒದ್ದೆಯಾಗಿಡುತ್ತದೆ. ಅದರ ಮೇಲೆ ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದ ಮಳೆಯೂ ಸೇರಿದರೆ ತುಕ್ಕು ಉಬ್ಬಿ ಪ್ಲೇಟುಗಳನ್ನೇ ದೂರ ಸರಿಸುತ್ತದೆ.

ಆದರೆ ಸ್ಪ್ರಿಂಗು ಬದಲಿಸಬಹುದಾದ ವಸ್ತು. ವ್ಯಾನಿನ ಆಯುಷ್ಯವನ್ನು ನಿರ್ಧರಿಸುವುದು ಸ್ಪ್ರಿಂಗಿನ ಎರಡೂ ತುದಿಗಳನ್ನು ಹಿಡಿದಿರುವ ಹ್ಯಾಂಗರ್ ಬ್ರಾಕೆಟ್ಟುಗಳು ಮತ್ತು ಅವು ಕೂತಿರುವ ಚಾಸಿಸ್ ಭಾಗ. ಆದ್ದರಿಂದ ಒಂದು ರೂಪಾಯಿ ಖರ್ಚು ಮಾಡುವುದಕ್ಕೂ ಮೊದಲು ಅಲ್ಲಿನ ಕೆಸರನ್ನು ಕೆರೆದು, ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ, ಸವೆದದ್ದು ಮಂದವಾಗಿ ಸದ್ದು ಮಾಡಿ ಚಕ್ಕೆ ಉದುರಿಸುತ್ತದೆ. ಸ್ಕ್ರೂಡ್ರೈವರಿನ ಮೊನೆ ಒಳಗಿಳಿಯುವಂತಿದ್ದರೆ, ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಹೊಸ ಉಕ್ಕು ಕೂರಿಸಬಲ್ಲ ನುರಿತ ಚಾಸಿಸ್ ವೆಲ್ಡರ್ ಸಿಗುವವರೆಗೆ ಬೇರೆ ಕೆಲಸ ಕೈಗೊಳ್ಳುವುದು ವ್ಯರ್ಥ.

ವಾಲಿಕೆಗೆ ತುಕ್ಕೇ ಕಾರಣವೆಂದು ತೀರ್ಮಾನಿಸಬೇಡಿ. ನೂರು ಲೀಟರಿನ ಟ್ಯಾಂಕು ತುಂಬಿದರೆ ಒಂದು ಬದಿಗೆ 100 ಕಿಲೋ ತೂಕ ಬಿದ್ದಂತಾಯಿತು. ಟ್ಯಾಂಕು ಖಾಲಿ ಮಾಡಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎರಡೂ ಕಡೆ ಚಕ್ರದ ನಡುವಿನಿಂದ ಮೇಲಿನ ಬಾಡಿಯ ಅಂಚಿನವರೆಗೆ ಅಳೆದರೆ ವಿಷಯ ತಿಳಿಯುತ್ತದೆ.

ಇನ್ನು ಕಾಯಿಸುವ ಮಾತು. ಸ್ಪ್ರಿಂಗ್ ಪ್ಲೇಟು ಹದಗೊಳಿಸಿದ ಉಕ್ಕು. ಕೆಂಪಗೆ ಕಾಯಿಸಿದರೆ ಹದ ಹೋಗಿ ಆ ಜಾಗದಲ್ಲೇ ಬಾಗುತ್ತದೆ ಅಥವಾ ಮುರಿಯುತ್ತದೆ, ಅದಕ್ಕೆ ವೆಲ್ಡಿಂಗೂ ಸಲ್ಲದು. ಬ್ರೇಕ್ ಪೈಪು, ಡೀಸೆಲ್ ಟ್ಯಾಂಕು ಹತ್ತಿರದಲ್ಲೇ ಇರುತ್ತವೆ. ನಿಮ್ಮ ವ್ಯಾನಿನಲ್ಲಂತೂ ಮೇಲೆ ಪ್ಲೈವುಡ್ಡು, ಬಹುಶಃ ಅಡುಗೆಯ ಸಿಲಿಂಡರು. ಬದಲಿಗೆ ವೈರ್ ಬ್ರಷ್ಷಿನಿಂದ ಬೋಲ್ಟಿನ ಥ್ರೆಡ್ಡುಗಳನ್ನು ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆಯನ್ನು ಕೆಲವು ದಿನ ಬೆಳಿಗ್ಗೆ ಸಂಜೆ ಬಿಡಿ. ನಂತರ ನಟ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿಯಾಗಿಸಿ, ತುಕ್ಕಿನ ಹಿಡಿತ ಮುರಿದ ಮೇಲೆ ಹಿಂದಕ್ಕೆ ತಿರುಗಿಸಬೇಕು. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದಿರುವ ಯು ಬೋಲ್ಟುಗಳ ಜೊತೆ ಗುದ್ದಾಡಬೇಡಿ, ಕಟಿಂಗ್ ವೀಲಿನಿಂದ ಕತ್ತರಿಸಿ ಹೊಸದನ್ನೇ ಹಾಕಿ. ಈ ಕೆಲಸದುದ್ದಕ್ಕೂ ಚಾಸಿಸ್ಸು ಗಟ್ಟಿಯಾದ ಸ್ಟ್ಯಾಂಡಿನ ಮೇಲಿರಲಿ; ಜಾಕನ್ನೋ ಕಲ್ಲನ್ನೋ ನಂಬಿ ಯಾರೂ ಕೆಳಗೆ ಮಲಗಬಾರದು.

ಬಿಚ್ಚಿದ ಪ್ಲೇಟುಗಳ ಮೇಲಿನ ಕೆಂಪು ಪೊರೆಗೆ ಹೆದರಬೇಕಿಲ್ಲ. ಆಳವಾದ ಗುಳಿಗಳು, ತೆಳುವಾದ ತುದಿ, ಪ್ಲೇಟುಗಳನ್ನು ನಡುವೆ ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟಿನ ತೂತಿನಿಂದ ಹೊರಟ ಕೂದಲಿನಂಥ ಬಿರುಕು ಕಂಡರೆ ಮಾತ್ರ ಎರಡೂ ಬದಿಯ ಸ್ಪ್ರಿಂಗುಗಳನ್ನು ಒಟ್ಟಿಗೆ ಬದಲಿಸಿ. ಒಳ್ಳೆಯ ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿ. ಸ್ಪ್ರಿಂಗಿನ ತುದಿಯಲ್ಲಿ ಬೋಲ್ಟನ್ನು ಸುತ್ತುವರಿದ ರಬ್ಬರ್ ಬುಷ್‌ಗಳಿದ್ದರೆ ಅವುಗಳ ಬೋಲ್ಟನ್ನು ವ್ಯಾನು ಚಕ್ರಗಳ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಮಾಡಿಸಿ, ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಯು ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರ್ ಓಡಿಸಿದ ಬಳಿಕ ಮತ್ತೆ ಬಿಗಿ ನೋಡಿಸಿ.

ತುಕ್ಕಿನ ಮೇಲೆ ಕೋಟಿಂಗ್ ಬಳಿದರೆ ತೇವವನ್ನು ಒಳಗೇ ಮುಚ್ಚಿಟ್ಟಂತೆ. ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಪಾಕ್ಸಿ ಪ್ರೈಮರ್ ಹೊಡೆದ ಚಾಸಿಸ್ಸಿಗೆ ಅದು ಸರಿ. ನಮ್ಮ ಕಡೆ ಇದಕ್ಕೆ ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚಿನ ಒಣ ದಿನಗಳೇ ಸೂಕ್ತ. ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ, ಅದು ಬುಷ್‌ಗಳ ರಬ್ಬರನ್ನು ಮೆತ್ತಗಾಗಿಸಿ ಕೆಡಿಸುತ್ತದೆ.

ಸೆಂಟರ್ ಬೋಲ್ಟು ಮುರಿದಿದ್ದರೆ ಆಕ್ಸಲ್ ಜಾಗ ತಪ್ಪಿ ವ್ಯಾನು ಓರೆಯಾಗಿ ಚಲಿಸುತ್ತದೆ. ಹಿಂದೆ ನಿಂತು ನೋಡುವವರಿಗೆ ಅದು ಸುಲಭವಾಗಿ ಕಾಣುತ್ತದೆ; ಕಂಡಲ್ಲಿ, ದುರಸ್ತಿಯಾಗುವವರೆಗೆ ಮಾಕುಟ್ಟ ಘಾಟಿ ಇಳಿಸಬೇಡಿ.